ಹಳದಿ ಲೋಟ

ಮೊದಲ ಅಕ್ಷರ ಉದುರಿಹೋಗಿ ಸಮನ್ವಿತಾ ಬರೀ ಮನ್ವಿತಾ ಆಗಿದ್ದಾಳೆ, ಪಕ್ಕದಲ್ಲಿ ಸುಶ್ರುತ ಮಾತ್ರ ಪೂರ್ತಿ ಇದ್ದಾನೆ, ನಿನ್ನೆಯ ಆರತಕ್ಷತೆಯ ಥರ್ಮೋಕೋಲ್ ಹೆಸರುಗಳನ್ನು ಕಮಾನಿನಿಂದ ಕೀಳಲು ಇನ್ನೂ ಯಾರೂ ಬಂದಿಲ್ಲ, ಸೇವಂತಿಗೆ ಸರಗಳು ಬಾಡಿ ಹುಳಿ ಹುಳಿ ವಾಸನೆ, ಅದೇ ಕಮಾನಿನ ಕೆಳಗೆ ಸ್ವಾಗತದ ಉಸ್ತುವಾರಿಯ ಹುಡುಗ ಲಿಖಿತ್ ನಮ್ಮ ಬೋರ್ಡು ನಿಲ್ಲಿಸಿ ಹೋಗಿದ್ದಾನೆ, ಹೇಗಿದ್ದೀರೋ ಹಾಗೇ ಬನ್ನಿ, ಕೆಳಗೆ ಅದೇ ಮಾತು ಇಂಗ್ಲಿಷಿನಲ್ಲಿ, ಅದರ ಕೆಳಗೊಂದು ನಗುವ ಮುಖ — ಶನಿವಾರ ಮದುವೆ, ಭಾನುವಾರ ನಾವು, ಜೆ.ಪಿ. ನಗರದ ಈ ಕಲ್ಯಾಣಮಂಟಪ ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಚರ್ಚು, ಆಮೇಲೆ ಮತ್ತೆ ಯಾರದೋ ನಾಮಕರಣ. ಚರ್ಚು ಅನ್ಬೇಡಿ ಕೃಪಾ ಆಂಟಿ, ಜನ ಹೆದರ್ಕೋತಾರೆ, ಫ್ಯಾಮಿಲಿ ಅನ್ನಿ, ಅನ್ನುತ್ತಾನೆ ಲಿಖಿತ್, ಆರಾಧನೆ ಅನ್ನಬಾರದು ಗ್ಯಾದರಿಂಗ್ ಅನ್ನಬೇಕು, ಅಯ್ಯನವರೇ ಅಂತೂ ಅನ್ನಲೇಬಾರದು, ಜೀನ್ಸ್ ಹಾಕಿಕೊಂಡು ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಮಾತಾಡುವ ನಮ್ಮ ಪಾಸ್ಟರ್ ನಂದಕುಮಾರ್ ಎಲ್ಲರಿಗೂ ಬರೀ ನಂದು, ಅರವತ್ತೊಂದು ವರ್ಷದ ನನಗೂ ನಂದು. ನನ್ನ ಹೆಸರು ಕೃಪಾವತಿ ಎಂದು ಈ ಲಿಖಿತ್‌ಗೆ ಗೊತ್ತೋ ಇಲ್ಲವೋ. ಕಾಲು ಈಗಲೇ ಊದಿದೆ, ಒಂಬತ್ತೂವರೆ ಆಗಿಲ್ಲ, ಎಡಗಾಲಿನ ನರ ಹಗ್ಗದ ಹಾಗೆ ಎದ್ದಿದೆ, ಇವತ್ತೇ ಕೊನೆ, ಮುಂದಿನ ವಾರದಿಂದ ಬಾಗಿಲಲ್ಲಿ ನಿಲ್ಲುವುದಿಲ್ಲ ಎಂದು ಲಿಖಿತ್‌ಗೆ ಹೇಳಿಬಿಡಬೇಕು, ಹೇಳುತ್ತೇನೆ, ಆದರೆ ಅದಕ್ಕೆ ಮೊದಲು ಆ ಹೆಂಗಸು ಬರಬೇಕು. ಅವಳ ಕೈಗೆ ಒಂದು ಬಿಳಿ ಲೋಟ ಕೊಟ್ಟುಬಿಟ್ಟರೆ ಸಾಕು, ಆಮೇಲೆ ಕೂತುಬಿಡುತ್ತೇನೆ.

ಎರಡು ಬಗೆಯ ಪೇಪರ್ ಲೋಟ, ಬಿಳಿಯದು ನಮ್ಮವರಿಗೆ, ಹಳದಿಯದು ಮೊದಲ ಸಲ ಬಂದವರಿಗೆ, ಲಿಖಿತ್‌ನದೇ ಐಡಿಯಾ, ಎರಡು ವರ್ಷ ಆಯಿತು, ಯಾರ ಕೈಯಲ್ಲಿ ಹಳದಿ ಕಂಡರೂ ನಮ್ಮವರು ಹೋಗಿ ಮಾತಾಡಿಸಬೇಕು, ಎಲ್ಲಿಂದ ಬಂದ್ರಿ, ತಿಂಡಿ ಆಯ್ತಾ, ಪಾರ್ಕಿಂಗ್ ಸಿಕ್ತಾ — ಹಾಡು ಮುಗಿದ ಮೇಲೆ ನಂದು ಮೈಕ್ ಹಿಡಿದು ಹಳದಿ ಕಪ್ ಎತ್ತಿ ಫ್ರೆಂಡ್ಸ್ ಅಂದಾಗ ಅವರು ಎತ್ತಬೇಕು, ಇಡೀ ಹಾಲು ಚಪ್ಪಾಳೆ ಹೊಡೆಯಬೇಕು. ಅವನು ಕಪ್ ಅನ್ನುತ್ತಾನೆ, ನನಗೆ ಅದು ಲೋಟವೇ. ಕಾಫಿ ಮಾತ್ರ ಎರಡಕ್ಕೂ ಒಂದೇ ಡ್ರಮ್ಮಿನದು. ನನ್ನ ಕೆಲಸ ಇಷ್ಟೇ, ಮುಖ ನೋಡಿ ಹೊಸಬರೋ ಹಳಬರೋ ತಿಳಿದು ಲೋಟ ಕೊಡುವುದು, ಹೊಸಬರಾದರೆ ಹೆಸರು ಕೇಳಿ ಚೀಟಿಯ ಮೇಲೆ ಮಾರ್ಕರಿನಲ್ಲಿ ಬರೆದು ಎದೆಗೆ ಅಂಟಿಸಿಕೊಳ್ಳಲು ಕೊಡುವುದು, ಮೂರು ಸೆಕೆಂಡಲ್ಲಿ ಸ್ಮೈಲು, ಹತ್ತು ಸೆಕೆಂಡಲ್ಲಿ ಹೆಸರು, ಮೂವತ್ತು ಸೆಕೆಂಡಲ್ಲಿ ಕಾಫಿ, ಇದನ್ನು ಅವನು ನಮಗೆ ಪ್ರೊಜೆಕ್ಟರ್ ಹಾಕಿ ಕಲಿಸಿದ್ದಾನೆ. ಹಲ್ಲು ಕಿರಿದು ಕಿರಿದು ಮಧ್ಯಾಹ್ನಕ್ಕೆ ದವಡೆ ನೋಯುತ್ತದೆ, ಮನೆಗೆ ಹೋಗಿ ಬೆಚ್ಚಗಿನ ಉಪ್ಪುನೀರು ಮುಕ್ಕಳಿಸುತ್ತೇನೆ ಎಂದರೆ ಯಾರಾದರೂ ನಂಬುತ್ತಾರೆಯೇ. ಹಾಯ್ ಆಂಟಿ — ಹಾಯ್ ಕಂದ, ಬಿಳಿ. ಗುಡ್ ಮಾರ್ನಿಂಗ್, ಬಿಳಿ. ನೀವು? ಫಸ್ಟ್ ಟೈಮಾ, ಬನ್ನಿ ಬನ್ನಿ, ಹೆಸರು, ಶ್ವೇತ, ಚೆಂದ ಇದೆ, ಇಗೋ ಹಳದಿ. ಒಳಗಿನಿಂದ ಚೆಕ್ ಚೆಕ್ ಮೈಕ್ ಚೆಕ್, ಡ್ರಮ್ಮು ಬಾರಿಸುವವನು ಸುಮ್ಮಸುಮ್ಮನೆ ಬಾರಿಸುತ್ತಿದ್ದಾನೆ.

ಹೋದ ಭಾನುವಾರ ಏನಾಯಿತೆಂದರೆ — ಎಷ್ಟು ಸಲ ಅಂದುಕೊಂಡರೂ ಅದೇ, ಸೋಮವಾರ ಸಾರಿಗೆ ಉಪ್ಪು ಹಾಕುವಾಗ, ಬುಧವಾರ ಬ್ಯಾಂಕಿನ ಸಾಲಿನಲ್ಲಿ, ನಿನ್ನೆ ಪದ್ಮನಾಭನಗರದ ಬಸ್ ಸ್ಟಾಪಿನಲ್ಲಿ — ಹತ್ತು ಗಂಟೆಯ ನೂಕುನುಗ್ಗಲು, ನಾನು ಯಾರದೋ ಕೈಗೆ ಹಳದಿ ಲೋಟ ಇಟ್ಟು ವೆಲ್ಕಮ್ ಅಂದೆ, ಆ ಕೈ ಲೋಟ ಹಿಡಿದುಕೊಂಡಿತು, ಇದು ನಾಲ್ಕನೇದು ಅಕ್ಕ, ನಾಲ್ಕೂ ನೀವೇ ಕೊಟ್ಟಿದ್ದು, ಎಂದಿತು ಧ್ವನಿ. ಜಗಳದ ಧ್ವನಿಯಲ್ಲ, ಬಸ್ಸಿನಲ್ಲಿ ಕಂಡಕ್ಟರ್ ಎರಡನೆಯ ಸಲ ಕೇಳಿದರೆ ಟಿಕೆಟ್ ತಗೊಂಡಾಯ್ತು ಅನ್ನುವುದಿಲ್ಲವೇ, ಅಷ್ಟೇ. ನಾನೇನು ಹೇಳಿದೆ? ಹೌದಾ, ತುಂಬಾ ಸಂತೋಷ, ಒಳಗೆ ಎಡಗಡೆ ಕೂತ್ಕೊಳಿ, ಅಂದೆ, ಕರ್ತನೇ, ತುಂಬಾ ಸಂತೋಷ ಅಂದೆ. ಅವಳ ಹಿಂದೆ ಬಂದ ಇಬ್ಬರಿಗೆ ಲೋಟ ಕೊಟ್ಟಾದ ಮೇಲೆ ಆ ಮಾತು ನನ್ನ ಕಿವಿಯೊಳಗೆ ಬಿದ್ದದ್ದು. ತಿರುಗಿ ನೋಡಿದರೆ ಎಲೆಹಸಿರು ಸೀರೆಯ ಒಂದು ಬೆನ್ನು, ಮೂರನೆಯ ಕಿಟಕಿಯ ಹತ್ತಿರ, ಕಾಫಿ ಕುಡಿಯಲಿಲ್ಲ, ತುಂಬಿದ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಎದೆಯ ಮೇಲಿನ ಚೀಟಿಯನ್ನು ಮೆಲ್ಲಗೆ ಕಿತ್ತು ಲೋಟಕ್ಕೆ ಅಂಟಿಸಿ, ಒಂದು ಹಾಡು ಕೂತಿದ್ದು, ಎರಡನೆಯ ಹಾಡಿಗೆ ಎಲ್ಲರೂ ಎದ್ದು ನಿಂತಾಗ ಆ ಸಂದಿನಲ್ಲೇ ಹೊರಟುಹೋದಳು. ನನಗೆ ಬಾಗಿಲು ಬಿಡುವ ಹಾಗಿರಲಿಲ್ಲ. ಎಲ್ಲ ಮುಗಿದ ಮೇಲೆ ಓಡಿ ಹೋಗಿ ನೋಡಿದರೆ ಮಂಟಪದ ಕಸದವಳು ಕಟ್ಟೆಯನ್ನೆಲ್ಲ ಒರೆಸಿ ಲೋಟಗಳನ್ನು ಚೀಲಕ್ಕೆ ತುಂಬಿ ಗಂಟು ಕಟ್ಟಿಯಾಗಿತ್ತು. ಮೇಜಿನ ಮೇಲೆ ಹೊಸಬರ ಹೆಸರು ಬರೆದಿಡುವ ಪುಸ್ತಕವೂ ಇಲ್ಲ, ಇಷ್ಟವಿದ್ದವರು ಫೋನಿನಲ್ಲಿ ಸ್ಕ್ಯಾನ್ ಮಾಡಿ ಫಾರಂ ತುಂಬಬೇಕು, ಅವಳು ತುಂಬಿರಲಿಲ್ಲ. ಲಿಖಿತ್‌ನನ್ನು ಕೇಳಿದೆ, ಅದಕ್ಕೆ ಯಾಕೆ ಟೆನ್ಶನ್ ಆಂಟಿ, ನಾಲ್ಕು ಸಲ ಬಂದಿದ್ದಾರೆ ಅಂದ್ರೆ ಸಖತ್ ಅಲ್ವಾ, ವರ್ಕ್ ಆಗ್ತಿದೆ ಅಂತಾನೇ ಅರ್ಥ, ಅಂದ. ಅಲ್ಲಪ್ಪ, ನಾಲ್ಕು ಸಲವೂ ನಾನೇ ಅವರ ಹೆಸರು ಕೇಳಿ ನನ್ನ ಕೈಯಾರೆ ಬರೆದಿದ್ದೀನಿ, ಒಂದು ಅಕ್ಷರ ನೆನಪಿಲ್ಲ ನನಗೆ. ಏಜ್ ಆಂಟಿ, ನಮ್ಮಮ್ಮಂಗೂ ಹಿಂಗೇ.

ವಯಸ್ಸಂತೆ. ಮೂವತ್ತು ವರ್ಷ ವಿಲ್ಸನ್ ಗಾರ್ಡನ್ನಿನ ಶಾಲೆಯಲ್ಲಿ ಕನ್ನಡ ಟೀಚರು ನಾನು, ಜೂನ್ ಒಂದಕ್ಕೆ ಹೊಸ ತರಗತಿ, ಮೂರನೆಯ ದಿನಕ್ಕೆ ಐವತ್ತೆರಡು ಮಕ್ಕಳ ಹಾಜರಿಯನ್ನು ಪುಸ್ತಕ ಮುಚ್ಚಿಟ್ಟು ಕೂಗುತ್ತಿದ್ದೆ, ಹೆಡ್‌ಮಾಸ್ಟರು ಏಕಾಂತಯ್ಯನವರು ಇನ್‌ಸ್ಪೆಕ್ಟರ್ ಬಂದಾಗಲೆಲ್ಲ ನಮ್ಮ ಕೃಪಾವತಿ ಮಿಸ್ಸನ್ನ ನೋಡಿ ಸಾರ್ ಎಂದು ಕರೆದು ತೋರಿಸುತ್ತಿದ್ದರು, ಸರ್ಕಸ್ಸಿನ ಆನೆಯ ಹಾಗೆ ನಾನು ಕೂಗುವುದು, ಮಕ್ಕಳು ಎದ್ದು ನಿಲ್ಲುವುದು. ಈಗಲೂ ಮಾರ್ಕೆಟ್ಟಿನಲ್ಲಿ ಮೀಸೆ ಬಂದವನೊಬ್ಬ ಮಿಸ್ ಎಂದರೆ ಅವನ ಮೀಸೆಯನ್ನು ಮನಸ್ಸಿನಲ್ಲೇ ಒರೆಸಿ ಎರಡನೆಯ ಬೆಂಚು ಕಿಟಕಿ ಪಕ್ಕ ಎಂದುಬಿಡುತ್ತೇನೆ. ಅಂಥವಳು ನಾಲ್ಕು ವಾರ, ಬಹುಶಃ ಅವಳು ನಾಲ್ಕೂ ವಾರ ಒಂದೇ ಹೊತ್ತಿಗೆ ಬಂದಿರಬೇಕು, ಒಂದೇ ಮಾತು ಆಡಿರಬೇಕು — ಇಲ್ಲ, ಮರೆತದ್ದಲ್ಲ. ಮರೆಯಬೇಕಾದರೆ ಮೊದಲು ನೋಡಿರಬೇಕಲ್ಲ. ನಾನು ನೋಡಿಯೇ ಇಲ್ಲ, ಅದು ನನಗೆ ಚೆನ್ನಾಗಿ ಗೊತ್ತು, ಗುರುವಾರ ರಾತ್ರಿ ದಿಂಬು ತಿರುವಿ ಹಾಕುವಾಗ ಗೊತ್ತಾಯಿತು, ನನ್ನ ಬಾಯಿ ನಗುತ್ತದೆ, ನನ್ನ ಕೈ ಲೋಟ ಕೊಡುತ್ತದೆ, ಕಣ್ಣು ಮಾತ್ರ ಎದುರಿನವರ ಭುಜದ ಆಚೆ ಮುಂದಿನವರು ಎಷ್ಟು ಮಂದಿ ಎಂದು ನೋಡುತ್ತಿರುತ್ತದೆ. ಯಾವಾಗಿನಿಂದ ಹೀಗಾಯಿತು, ಮೊದಲು ಹೀಗಿರಲಿಲ್ಲ, ಮೊದಮೊದಲು ಭಾನುವಾರ ಬಂತೆಂದರೆ ಶನಿವಾರವೇ ಸೀರೆಗೆ ಇಸ್ತ್ರಿ ಮಾಡಿಡುತ್ತಿದ್ದೆ. ಈಗ ದಣಿವು, ಬರೀ ದಣಿವು, ದೇವರ ಮೇಲಲ್ಲ, ದೇವರ ಮೇಲೆ ನನಗೆ ಬೇಸರವಿಲ್ಲ, ಆತನಿಗೆ ಲೋಟ ಕೊಡಬೇಕಾಗಿಲ್ಲ.

ಹಾಯ್, ಬಿಳಿ. ನೀವು ಹೋದ ತಿಂಗಳು ಊರಿಗೆ ಹೋಗಿದ್ರಲ್ಲ, ಅಮ್ಮ ಹೇಗಿದ್ದಾರೆ — ನೋಡು, ಇವತ್ತು ನೋಡುತ್ತಿದ್ದೇನೆ, ಒಬ್ಬೊಬ್ಬರ ಮುಖವನ್ನೂ ನೋಡುತ್ತೇನೆಂದು ಬೆಳಿಗ್ಗೆ ಬಸ್ಸಿನಲ್ಲೇ ನಿಶ್ಚಯ ಮಾಡಿಕೊಂಡು ಬಂದಿದ್ದೇನೆ, ಎಲೆಹಸಿರು, ಎಲೆಹಸಿರು, ಅಂಚು ಕೆಂಪೋ ಮರೂನೋ, ಗೇಟಿನ ಆಚೆಯವರೆಗೂ ಕಣ್ಣು ಹಾಯಿಸುತ್ತಿದ್ದೇನೆ, ಆಟೋ ನಿಂತರೂ ಹಸಿರೇನಾದರೂ ಇಳಿಯಿತೇ ಎಂದು. ಹೇಳಬೇಕಾದ ಮಾತೂ ಸಿದ್ಧವಿದೆ, ಸದ್ಯ ಬಂದ್ರಲ್ಲ, ನಾನು ನಿಮಗೋಸ್ಕರಾನೇ ಕಾಯ್ತಿದ್ದೆ, ಆಮೇಲೆ ಬಿಳಿ ಲೋಟ, ಆಮೇಲೆ ತಪ್ಪಾಯ್ತು ಅನ್ನಬೇಕೋ ಬೇಡವೋ, ಹೆಸರನ್ನು ಮತ್ತೆ ಕೇಳುವುದು ಹೇಗೆ, ಕೇಳಬೇಕಾಗುತ್ತದೆ, ಕೇಳಿ ಈ ಸಲ ಮನಸ್ಸಿನಲ್ಲಿ ಬರೆದುಕೊಳ್ಳುತ್ತೇನೆ. ಅಗೋ — ಗೇಟಿನಲ್ಲಿ ಹಸಿರು. ಎಲೆಹಸಿರೇ. ಹೂವಿನ ಕಮಾನು ದಾಟಿ ಬರುತ್ತಿದ್ದಾಳೆ, ಸೆರಗು ಹೊದ್ದಿದ್ದಾಳೆ, ಪರೀಕ್ಷೆಗೆ ಕೂತ ಹುಡುಗಿ ಈಗ ನಾನು, ಮೇಜು ಸುತ್ತಿಕೊಂಡು ನಾನೇ ಎರಡು ಹೆಜ್ಜೆ ಮುಂದೆ ಹೋಗಿ ಬಿಳಿ ಲೋಟ ಚಾಚಿ, ಸದ್ಯ ಬಂದ್ರಲ್ಲ, ನಿಮಗೋಸ್ಕರಾನೇ ಕಾಯ್ತಿದ್ದೆ ಕಣ್ರೀ, ಅಂದೆ. ಅವರು ನನ್ನನ್ನೂ ಲೋಟವನ್ನೂ ನೋಡಿದರು. ಆಂಟಿ, ನಾನು ಸಮನ್ವಿತಾ ಅವ್ರ ಚಿಕ್ಕಮ್ಮ, ನಿನ್ನೆ ರಿಸೆಪ್ಷನ್‌ನಲ್ಲಿ ನಮ್ಮ ಬೆಳ್ಳಿ ತಟ್ಟೆ ಒಂದು ಮರೆತ್ಬಿಟ್ವಿ, ಅಡಿಗೆಮನೆ ಬೀಗ ಯಾರ ಹತ್ರ ಇದೆ? ಲಿಖಿತ್ ನಕ್ಕು ನಕ್ಕು ಬಗ್ಗಿದ, ಆ ತಾಯಿಯೂ ನಕ್ಕರು, ಲೋಟ ಕೊಟ್ಟಿದ್ದೀರಿ ಕುಡೀತೀನಿ ಬಿಡಿ ಎಂದು ಕಾಫಿ ಕುಡಿದೇ ಹೋದರು, ಒಳ್ಳೆಯವರು. ನಾನೂ ನಕ್ಕೆ. ಮತ್ತೆ ಮೇಜಿನ ಹಿಂದೆ ಬಂದು ನಿಂತೆ.

ನನ್ನನ್ನು ಇಲ್ಲಿ ನಿಲ್ಲಿಸಿದ್ದು ಒಂದು ಚಪ್ಪಲಿ, ಅದನ್ನು ಯಾರಿಗೂ ಹೇಳಿಲ್ಲ. ನಮ್ಮ ಯಜಮಾನರು ತೀರಿಹೋಗಿ ಮೂರು ತಿಂಗಳಾಗಿತ್ತು, ಒಂಬತ್ತು ವರ್ಷದ ಹಿಂದೆ, ಮೊದಲು ಹೋಗುತ್ತಿದ್ದ ಹಳೆಯ ಚರ್ಚಿನ ಸಭೆಯಲ್ಲಿ ಎಡಸಾಲಿನ ಐದನೆಯ ಬೆಂಚು ನಮ್ಮದು, ಅವರ ಅಪ್ಪನ ಕಾಲದಿಂದ, ಅಲ್ಲಿ ಕೂತರೆ ಜನ ನನ್ನನ್ನಲ್ಲ, ನನ್ನ ಪಕ್ಕದ ಖಾಲಿ ಜಾಗವನ್ನು ನೋಡಿ ತಲೆಯಾಡಿಸುತ್ತಿದ್ದರು, ವಂದನೆ ಅಮ್ಮ, ದೇವರ ಚಿತ್ತ ಅಮ್ಮ, ಅದು ತಡೆಯಲಾಗಲಿಲ್ಲ, ಯಾರಿಗೂ ನಾನು ಗೊತ್ತಿಲ್ಲದ ಒಂದು ಜಾಗ ಬೇಕಾಗಿತ್ತು — ನಮಸ್ಕಾರ, ಬನ್ನಿ, ಮಗು ಎಷ್ಟು ಚೆನ್ನಾಗಿದೆ, ತಳ್ಳುಗಾಡಿ ಇಲ್ಲೇ ಬಿಡಿ, ಇಬ್ಬರಿಗೂ ಹಳದಿ, ಹೆಸರು ಬರೆದೆ — ಆಗ ಲೋಟದ ಲೆಕ್ಕವೆಲ್ಲ ಇರಲಿಲ್ಲ, ನಾನೇ ಇಲ್ಲಿಗೆ ಬಂದೆ, ಹಿಂದಿನ ಸಾಲಿನಲ್ಲಿ ಕೂತೆ, ಗಿಟಾರು ಕೇಳಿ ತಲೆನೋವು ಬಂತು, ಯಾರೂ ಮಾತಾಡಿಸಲಿಲ್ಲ, ಅದೇ ಹಾಯೆನಿಸಿತು, ಮೆಟ್ಟಿಲಿಳಿಯುವಾಗ ಚಪ್ಪಲಿಯ ಬಾರು ಕಿತ್ತುಬಂತು, ಕಾಲೆಳೆದುಕೊಂಡು ಬಸ್ ಸ್ಟಾಪಿಗೆ ಹೋದೆ — ಬಾರಪ್ಪ, ಹೆಲ್ಮೆಟ್ ಮೇಜಿನ ಕೆಳಗಿಡು, ಫಸ್ಟ್ ಟೈಮಾ, ಹಳದಿ — ಮುಂದಿನ ವಾರ ಬರುವುದೋ ಬೇಡವೋ ಅಂದುಕೊಂಡೇ ಬಂದೆ, ಗೇಟಿನಲ್ಲಿ ಮಂಟಪದ ವಾಚ್‌ಮನ್ ರಾಮಯ್ಯ, ನಮ್ಮ ಚರ್ಚಿಗೂ ಅವನಿಗೂ ಸಂಬಂಧವಿಲ್ಲ, ಹಣೆತುಂಬ ವಿಭೂತಿ, ಸ್ಟೂಲಿನಿಂದ ಏಳದೆಯೇ ನನ್ನ ಕಾಲು ನೋಡಿ, ಚಪ್ಪಲಿ ಹೊಲಿಸಿದ್ರಾ ಅಮ್ಮ, ಹೋದ ವಾರ ಕಿತ್ತೋಗಿತ್ತಲ್ಲ, ಅಂದ — ಬನ್ನಿ, ವೆಲ್ಕಮ್, ಹೆಸರು ಹೇಳಿ, ಉದ್ದ ಹೆಸರು, ಚೀಟಿಯಲ್ಲಿ ಹಿಡಿಸಲಿಲ್ಲ, ಕೊನೆಯ ಅಕ್ಷರವನ್ನು ಮೂಲೆಗೆ ಇಳಿಸಿ ಚಿಕ್ಕದಾಗಿ ತುರುಕಿದೆ, ಇಗೋ ಕಾಫಿ, ಬಿಸಿ ಇದೆ, ಒಳಗೆ ಎಡಗಡೆ ಕೂತ್ಕೊಳಿ — ಏನು ನೆನೆಯುತ್ತಿದ್ದೆ, ಹಾಂ, ಹೊಲಿಸಿದ್ರಾ ಅಂದ, ಅಷ್ಟೇ ಅಂದದ್ದು, ನಾನು ಹೂಂ ಅಂದೆ, ಒಳಗೆ ಹೋಗಿ ಕೂತು ಅತ್ತೆ, ಮೂರು ತಿಂಗಳಿಂದ ಬರದಿದ್ದ ಅಳು. ಹೋದ ವಾರ ನಾನು ಇದ್ದೆ, ಈ ವಾರವೂ ಇದ್ದೇನೆ, ಇಬ್ಬರೂ ಒಬ್ಬಳೇ ಎಂದು ಭೂಮಿಯ ಮೇಲೆ ಒಬ್ಬನಿಗಾದರೂ ಗೊತ್ತಿತ್ತು. ಅದಕ್ಕೇ ನಾನು ಉಳಿದುಕೊಂಡೆ, ಪಾಸ್ಟರರ ಪ್ರಸಂಗ ಕೇಳಿಯಲ್ಲ. ಅದಕ್ಕೇ ಬಾಗಿಲಲ್ಲಿ ನಿಲ್ಲುತ್ತೇನೆಂದು ನಾನಾಗಿ ಕೇಳಿಕೊಂಡೆ, ರಾಮಯ್ಯ ನನಗೆ ಮಾಡಿದ್ದನ್ನು ನಾನೂ ಯಾರಿಗಾದರೂ ಮಾಡೋಣವೆಂದು. ಒಂಬತ್ತು ವರ್ಷ. ಎರಡು ಚೇರು ಬೇಕು ಆಂಟಿ ಒಳಗೆ — ಕೊಡ್ತೀನಿ ತಡಿ, ಮೇಜಿನ ಹಿಂದೆ ಇವೆ.

ಹತ್ತು ಇಪ್ಪತ್ತು. ಬಾಗಿಲು ಹಾಕುವ ಹೊತ್ತು, ಮೊದಲ ಹಾಡು ಶುರುವಾಗಿದೆ, ಡ್ರಮ್ಮಿನ ಏಟು ಮೇಜಿನ ಮೇಲಿನ ಲೋಟಗಳ ಸಾಲನ್ನು ಸಣ್ಣಗೆ ನಡುಗಿಸುತ್ತಿದೆ, ಬರಲಿಲ್ಲ, ಹಸಿರು ಬರಲಿಲ್ಲ. ಸಿಟ್ಟು ಮಾಡಿಕೊಂಡಿರಬೇಕು, ಮಾಡಿಕೊಳ್ಳಲಿ, ನಾನಾಗಿದ್ದರೆ ಎರಡನೆಯ ವಾರಕ್ಕೇ ನಿಲ್ಲಿಸುತ್ತಿದ್ದೆ. ನಾಲ್ಕು ವಾರ ಬಂದಳಲ್ಲ, ಏನು ಕಂಡು ಬಂದಳೋ, ಏನು ಬೇಕಾಗಿತ್ತೋ. ಆಯಿತು, ಈಗ ಲಿಖಿತ್‌ಗೆ ಹೇಳಿಬಿಡಲೇ, ಅವನು ಹಳದಿ ಲೋಟ ಎಣಿಸುತ್ತಿದ್ದಾನೆ, ಆರು ಹೋಗಿದೆ ಆಂಟಿ, ಆರು ಜನ ನ್ಯೂ, ಸೂಪರ್, ನಂದುಗೆ ಮೆಸೇಜ್ ಹಾಕ್ತೀನಿ. ಹಾಕಪ್ಪ. ಕಾಲು ಎಳೆದುಕೊಂಡು ಗೇಟಿನವರೆಗೆ ಬಂದೆ, ಇನ್ನೊಮ್ಮೆ ರಸ್ತೆ ನೋಡಿಬಿಡೋಣವೆಂದು, ಹಾಲಿನ ವ್ಯಾನು, ಸ್ಕೂಟರು, ಎದುರಿನ ದರ್ಶಿನಿಯ ಮುಂದೆ ಇಡ್ಲಿ ತಿನ್ನುತ್ತ ನಿಂತವರು. ರಾಮಯ್ಯ ಸ್ಟೂಲಿನ ಮೇಲೆ ಮಂಡಿ ಒತ್ತಿಕೊಳ್ಳುತ್ತ ಕೂತಿದ್ದಾನೆ, ಮುದುಕನಾಗಿದ್ದಾನೆ ಇವನೂ, ನಾನು ಯಾವತ್ತು ಇವನ ಮಂಡಿಯನ್ನು ವಿಚಾರಿಸಿದ್ದೆ. ರಾಮಯ್ಯ, ಒಬ್ಬ ಹೆಂಗಸು, ಹಸಿರು ಸೀರೆ, ಈಚೆಗೆ ನಾಲ್ಕು ವಾರದಿಂದ ಬರ್ತಿದ್ದರಂತೆ, ನೋಡಿದ್ಯಾ? ಯಾರು, ವಸಂತಪುರದೋರಾ? ಪೀಜಿ ಹಾಸ್ಟೆಲಲ್ಲಿ ಅಡಿಗೆ ಮಾಡೋರು? ನನಗೇನು ಗೊತ್ತು ಅವರೆಲ್ಲಿಯವರೋ ಏನು ಮಾಡುವವರೋ. ಎರಡು ಬಸ್ ಹತ್ತಿ ಬರ್ತಾರಮ್ಮ ಪಾಪ, ಭಾನುವಾರ ಹನ್ನೊಂದರವರೆಗೂ ಬಿಡುವಂತೆ, ಇಲ್ಲಿ ಕೂತ್ರೆ ಯಾರೂ ಕೆಲಸ ಹೇಳಲ್ಲ ಅಂತಾರೆ, ಹೋದ್ಸಲ ನನ್ನ ಮಂಡಿಗೆ ಎಣ್ಣೆ ತಂದ್ಕೊಟ್ರು, ಇವತ್ತೂ ಕೇಳಿದ್ರು, ಹಚ್ಕೊಂಡ್ಯಾ ಅಂತ. ಇವತ್ತೂ? ಇವತ್ತು ಬಂದಿದ್ದಾರಾ? ಬಂದ್ರಲ್ಲಮ್ಮ, ಕಂದು ಸ್ವೆಟರ್ ಹಾಕ್ಕೊಂಡಿದ್ರು, ಹಸಿರು ಸೀರೆ ಹೋದ ವಾರದ್ದು, ನೀವೇ ಕಾಫಿ ಕೊಟ್ಟು ಕಳಿಸಿದ್ರಲ್ಲ, ನಾನು ಇಲ್ಲಿಂದ್ಲೇ ನೋಡ್ತಿದ್ದೆ, ಏನೋ ಬರೆದೂ ಕೊಟ್ರಿ.

ಕಂದು ಸ್ವೆಟರ್. ಕಂದು ಸ್ವೆಟರ್ ನನಗೆ ನೆನಪಿಲ್ಲ, ಮೇಜಿನ ಆಚೆ ಕಂದು ಬಣ್ಣ ಬಂದದ್ದೇ ನೆನಪಿಲ್ಲ, ಮಗು ನೆನಪಿದೆ, ಹೆಲ್ಮೆಟ್ ನೆನಪಿದೆ, ಆಮೇಲೆ ಚಪ್ಪಲಿ — ಚಪ್ಪಲಿ ನೆನೆಯುತ್ತಿದ್ದೆ, ರಾಮಯ್ಯ ನನ್ನನ್ನು ಗುರುತು ಹಿಡಿದದ್ದನ್ನು ನೆನೆಯುತ್ತ ಕೈ ಚಾಚಿದ್ದೆ. ಇಡೀ ವಾರ ನಾನು ಕಾದದ್ದು ಒಂದು ಸೀರೆಯನ್ನು. ಬಾಗಿಲು ತಳ್ಳಿದರೆ ಒಳಗೆ ಕತ್ತಲು, ವೇದಿಕೆಯ ಮೇಲೆ ಮಾತ್ರ ನೀಲಿ ಬೆಳಕು, ಎಲ್ಲರೂ ಎದ್ದು ನಿಂತಿದ್ದಾರೆ, ಕೈಗಳು ಮೇಲೆ, ಎರಡನೆಯ ಹಾಡು, ಎರಡನೆಯ ಹಾಡು, ಈಗಲೇ ಅಲ್ಲವೇ ಅವಳು ಹೊರಡುವುದು, ಪಕ್ಕದ ಬಾಗಿಲಿದೆ, ಅಡಿಗೆಮನೆಯ ಕಡೆಯದು, ಬೀಗ ತೆಗೆಸಿದ್ದಾರಲ್ಲ ಆ ತಟ್ಟೆಯ ತಾಯಿ — ಎಕ್ಸ್‌ಕ್ಯೂಸ್ ಮಿ, ಸ್ವಲ್ಪ ಜಾಗ ಬಿಡಪ್ಪ, ಸ್ವಲ್ಪ, ಕಾಲು ನೋಡ್ಕೊಂಡು — ಸ್ವೆಟರ್, ಸ್ವೆಟರ್, ಒಂದು ನೀಲಿ, ಒಂದು ಬೂದು, ಯಾರ ಮುಖವೂ ಕಾಣುವುದಿಲ್ಲ, ಎಲ್ಲರೂ ಕಣ್ಣು ಮುಚ್ಚಿದ್ದಾರೆ, ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಳಂತೆ ಎಂದು ಮಕ್ಕಳಿಗೆ ಗಾದೆ ಬರೆಸುತ್ತಿದ್ದೆ, ವಿವರಿಸಿ, ಐದು ಅಂಕ. ಮೊದಲ ಕಿಟಕಿ, ಎರಡನೆಯದು. ಮೂರನೆಯದರ ಪಕ್ಕದ ಕುರ್ಚಿ ಖಾಲಿ. ಕುರ್ಚಿ ಮುಟ್ಟಿ ನೋಡಿದೆ, ಇನ್ನೂ ಬೆಚ್ಚಗಿದೆ.

ಕಟ್ಟೆಯ ಮೇಲೆ ಹಳದಿ ಲೋಟ. ತುಂಬಿದ್ದು ತುಂಬಿದ ಹಾಗೇ ಇದೆ, ಮೇಲೆ ಕೆನೆ ಕಟ್ಟಿದೆ, ಡ್ರಮ್ಮಿನ ಏಟಿಗೆ ಕೆನೆ ಸುಕ್ಕಾಗುತ್ತದೆ, ಬಿಡುತ್ತದೆ. ಐದನೆಯದು. ಹೋದ ವಾರ ಬಾಯಿಬಿಟ್ಟು ಹೇಳಿದಳು, ಈ ವಾರ ಹೇಳಲೂ ಇಲ್ಲ, ಸುಮ್ಮನೆ ನಿಂತು ತನ್ನ ಹೆಸರನ್ನು ಐದನೆಯ ಸಲ ಹೇಳಿ, ನಾನು ಬರೆಯುವುದನ್ನು ನೋಡಿ, ತಗೊಂಡು ಬಂದಳು, ನಾನು ತಲೆಯೆತ್ತುತ್ತೇನೇನೋ ಎಂದು ನೋಡಿರಬೇಕು. ಲೋಟ ಎತ್ತಿಕೊಂಡೆ, ತಣ್ಣಗಿದೆ. ಹಾಡು ನಿಂತಿತು. ನಂದುವಿನ ಧ್ವನಿ, ಫ್ರೆಂಡ್ಸ್, ಇವತ್ತು ನಮ್ಮ ಫ್ಯಾಮಿಲಿಗೆ ಆರು ಜನ ಹೊಸಬರು ಬಂದಿದ್ದಾರೆ, ಎಲ್ಲಿ, ಹಳದಿ ಕಪ್ ಎತ್ತಿ, ದೀಪ ಹತ್ತಿತು, ತಲೆಗಳು ತಿರುಗಿದವು, ಮಗುವಿನ ಅಪ್ಪ ಅಮ್ಮ, ಶ್ವೇತ, ಹೆಲ್ಮೆಟ್ ಹುಡುಗ, ಇನ್ಯಾರೋ, ಮತ್ತೆ ಕಿಟಕಿಯ ಹತ್ತಿರ ನಾನು, ಕೈಯಲ್ಲಿ ಲೋಟ, ಚಪ್ಪಾಳೆ, ಜೋರು ಚಪ್ಪಾಳೆ, ಪಕ್ಕದ ಹುಡುಗಿ ಬಿಳಿ ಲೋಟ ಹಿಡಿದುಕೊಂಡೇ ನನ್ನ ಕಡೆ ಬಗ್ಗಿ ನಗುತ್ತಾಳೆ, ಈ ಹುಡುಗಿಗೆ ಎಷ್ಟು ಭಾನುವಾರ ಕಾಫಿ ಕೊಟ್ಟಿದ್ದೇನೆ ನಾನು, ವೆಲ್ಕಮ್ ಆಂಟಿ, ಫಸ್ಟ್ ಟೈಮಾ? ಏನು ಹೇಳಲಿ, ಹೂಂ ಅನ್ನಲೇ, ಓಡಿದರೆ ಬಸ್ ಸ್ಟಾಪಿನಲ್ಲಿ ಸಿಕ್ಕಾಳು, ಈ ಕಾಲಿನಲ್ಲಿ ಓಡಲು ಎಲ್ಲಿ ಆಗುತ್ತದೆ, ಸಿಕ್ಕರೂ ಗುರುತು ಹೇಗೆ ಹಿಡಿಯಲಿ, ಸ್ವೆಟರ್ ಬಿಚ್ಚಿಟ್ಟಿದ್ದರೆ — ಹೆಬ್ಬೆರಳಿಗೆ ಏನೋ ಅಂಟುತ್ತಿದೆ, ಚೀಟಿ, ಲೋಟದ ಹೊಟ್ಟೆಗೆ ಅಂಟಿಸಿ ಮೇಲಿಂದ ಉಜ್ಜಿ ನೀಟಾಗಿ ಕೂರಿಸಿದ್ದಾಳೆ, ನಾಗಲಕ್ಷ್ಮಮ್ಮ, ನನ್ನದೇ ಅಕ್ಷರ, ದುಂಡಗೆ, ಕಪ್ಪುಹಲಗೆಯ ಮೇಲೆ ಬರೆದ ಹಾಗೆ, ಕೊನೆಯ ಮ್ಮ ಮಾತ್ರ ಹಿಡಿಸದೆ ಮೂಲೆಗೆ ಇಳಿದಿದೆ, ಚಿಕ್ಕದಾಗಿ, ತುರುಕಿದ್ದೇನೆ, ನಾನೇ ತುರುಕಿದ್ದು, ಮೂಲೆಯಲ್ಲಿ ಮ್ಮ, ಹಳದಿ ಲೋಟ, ಮೇಲೆ ಕೆನೆ, ನಾಗಲಕ್ಷ್ಮ, ಮೂಲೆಯಲ್ಲಿ ಮ್ಮ